ಅಳತೆ

ಮಂಗಳವಾರ ಎರಡು ಪಿರಿಯಡ್ ಬಿಟ್ಟು
ವಡಾಳಾದಲ್ಲಿ ಹಾರ್ಬರ್ ಲೋಕಲ್ ಹತ್ತುತ್ತೇನೆ.
ಐದನೆಯ ಇಯತ್ತೆಯಲ್ಲಿ ಉಳಿದವರು ಒಂಬತ್ತೇ ಮಕ್ಕಳು,
ಬೋರ್ಡಿನ ಮೇಲೆ ಒತ್ತು ಉದುರಿ
'ಕನಡ ಶಾಲೆ' ಆಗಿ ವರ್ಷವಾಯಿತು.
ಆದರೂ ಮಾನಖುರ್ದಿನ ಸಮಿತಿಗೆ ಕನ್ನಡ ಬೇಕು,
ಊಟಕ್ಕೆ ಮುಂಚೆ, ಅರ್ಧ ಗಂಟೆ.

"ಹೇಳಿದ್ದನ್ನಷ್ಟೇ ಹೇಳಿ ಬಾಯಿ, ನಿಮ್ಮದು ಸೇರಿಸಬೇಡಿ"
ಎನ್ನುತ್ತಾರೆ ಖಾನೋಲ್ಕರ್ ಮೇಡಂ, ಪ್ರತಿ ಸಲ.
ಸೇರಿಸಿಲ್ಲ, ಆರು ವರ್ಷ.
ಹುಡುಗಿಯರು ಅರ್ಧಕ್ಕೆ ಬಿಟ್ಟ ಮಾತನ್ನು
ಅರ್ಧವಾಗಿಯೇ ದಾಟಿಸಿದ್ದೇನೆ,
ಒಡೆದ ಬಳೆಯನ್ನು ಒಡೆದಂತೆಯೇ
ಕಾಗದದಲ್ಲಿ ಸುತ್ತಿ ಕೊಟ್ಟ ಹಾಗೆ.

ಈ ಸಲ ಬಂದವನು ಸೋದರಮಾವ.
ಇಸ್ತ್ರಿಯ ಬಿಳಿ ಅಂಗಿ, ಕೈಯಲ್ಲಿ ಬೆಳಗಾವಿ ಕುಂದಾದ ಡಬ್ಬಿ,
ಪಂಚಾಯ್ತಿಯ ದುಂಡು ಸಿಕ್ಕೆಯ ಪತ್ರ, ಆಧಾರಿನ ಝೆರಾಕ್ಸು,
ಕಣ್ಣಲ್ಲಿ ಬೇಕಾದಷ್ಟೇ ನೀರು.
"ಹನ್ನೆರಡರಾಕಿ ಇದ್ಳ್ರೀ ಸಾಹೇಬ್ರ, ಕಳಕೊಂಡಾಗ.
ನಾಕ್ ವರ್ಷ ಮಾರಿ ನೋಡಿಲ್ಲ.
ಅವ್ರವ್ವ ಹಾಸಗಿ ಹಿಡದಾಳ."
ಮರಾಠಿ ಮಾಡಿದೆ. ತೂಕ ತಪ್ಪಲಿಲ್ಲ.

ಹುಡುಗಿ ಬಂದಳು. ಬರಿಗಾಲು.
ರೇಡಿನ ರಾತ್ರಿ ಅಲ್ಲೇ ಉಳಿದ ಚಪ್ಪಲಿಯನ್ನು
ಯಾರು ತಂದುಕೊಡುತ್ತಾರೆ?
ಮಾವ ಚೀಲದಿಂದ ಹೊಸ ಜೋಡು ತೆಗೆದು
ಬಗ್ಗಿ ಅವಳ ಮುಂದಿಟ್ಟ:
ಕೆಂಪು ಪಟ್ಟಿ, ಮೋಟು ಹೀಲು, ಹಿತ್ತಾಳೆ ಬಣ್ಣದ ಬಕಲು.
ನೋಡುತ್ತಿದ್ದವರೆಲ್ಲ ಮೆತ್ತಗಾದರು.
ಗುಮಾಸ್ತ ಕೂಡ ಪೆನ್ನಿಗೆ ಮುಚ್ಚಳ ಹಾಕಿದ.

"ಹೋಗುತ್ತಾಳಾ, ಕೇಳಿ."
ಕೇಳಿದೆ.
"ಹೊಕ್ಕೇನ್ರಿ," ಅಂದಳು,
ಕಿಟಕಿಯಾಚೆ ಕಸದ ಗುಡ್ಡದ ಮೇಲೆ ಸುತ್ತುವ ಹದ್ದುಗಳನ್ನು ನೋಡುತ್ತ,
ಹಾಜರಿ ಕೂಗಿದಾಗ ಓಗೊಡುವ ದನಿಯಲ್ಲಿ.
ಒಂದೇ ಪದ. ದಾಟಿಸಿದರೆ ನನ್ನ ಕೆಲಸ ಮುಗಿಯಿತು,
ಹನ್ನೆರಡೂ ನಲವತ್ತರ ಗಾಡಿ ಸಿಗುತ್ತದೆ.

ಅಷ್ಟರಲ್ಲಿ ಅವಳು ಚಪ್ಪಲಿಗೆ ಕಾಲಿಟ್ಟಳು.
ಕೂತಿತು.
ಹೆಬ್ಬೆರಳು ಅಂಚಿಗೆ, ಹಿಮ್ಮಡಿ ಹಿಂಬದಿಗೆ,
ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಡಿಮೆಯಿಲ್ಲ.

ನನ್ನ ಮಗ ನನ್ನ ಮಗ್ಗುಲಲ್ಲೇ ಮಲಗಿ ಏಳುವವನು.
ಪ್ರತಿ ಜೂನಿನಲ್ಲೂ ಅವನ ಬೂಟು ಬದಲಿಸಲು
ಬಿಲ್ಲು ಹಿಡಿದು ಅಂಗಡಿಗೆ ವಾಪಸು ಹೋಗುತ್ತೇನೆ.

ಯಾರೂ ಆಡದ ಮಾತೊಂದು ಆಗ
ಮರಾಠಿಯಲ್ಲೇ ಹುಟ್ಟಿ ಹೊರಗೆ ಬಂತು:
"ನಾಲ್ಕು ವರ್ಷ ನೋಡದ ಕಾಲಿನ ಅಳತೆ
ಇವರಿಗೆ ಹೇಗೆ ಗೊತ್ತು?"

ಫ್ಯಾನು ತಿರುಗುತ್ತಿತ್ತು. ಮಾವ ನಕ್ಕ.
"ಅಂದಾಜ್ರಿ" ಅಂದ.
ಅದನ್ನೂ ನಾನೇ ಮರಾಠಿ ಮಾಡಬೇಕಾಯಿತು.

ಮುಂದಿನ ತಾರೀಖು ಬಿತ್ತು. ಕಾಗದಗಳು ಪರಿಶೀಲನೆಗೆ ಹೋದವು.
ಕುಂದಾ ಮೇಜಿನ ಮೇಲೆ ಉಳಿದು ಇರುವೆ ಹತ್ತಿತು.
ಗೆದ್ದೆನೆಂದು ಅಂದುಕೊಳ್ಳಲಾರೆ.
ಇನ್ನೊಮ್ಮೆ ಬರುವವನು, ಇವನೋ ಮತ್ತೊಬ್ಬನೋ,
ಒಂದು ನಂಬರು ದೊಡ್ಡದು ತರುವಷ್ಟು ಜಾಣನಿರುತ್ತಾನೆ.

ಕೆಂಪು ಜೋಡನ್ನು ಬೆಂಚಿನ ಕೆಳಗೆ ಬಿಟ್ಟು
ಅವಳು ಬರಿಗಾಲಲ್ಲೇ ಒಳಗೆ ಹೋದಳು.
ಹಿಂದೆಯೇ ಹೋದೆ.
ಹಳೆಯ ಪೇಪರು ನೆಲಕ್ಕೆ ಹಾಸಿ, ಪೆನ್ಸಿಲು ತೆಗೆದು,
"ಕಾಲಿಡು ಮಗಾ, ನಾನು ತರ್ತೀನಿ" ಅಂದೆ.
ಬಿಸಿ ತಾಗಿದವಳಂತೆ ಕಾಲು ಹಿಂದಕ್ಕೆಳೆದಳು.

"ಅಳತಿ ಬ್ಯಾಡ್ರಿ ಟೀಚರ್.
ಅಂಗಡ್ಯಾಗ ನಾನಽ ಹಾಕ್ಕೊಂಡ್ ನೋಡ್ತೇನಿ."

ಅಂಗಡಿ ಕುರ್ಲಾದಲ್ಲಿದೆ.
ಗೇಟಿಗೆ ಎರಡು ಬೀಗ,
ಒಳಬರುವವರಿಗೊಂದು, ಹೊರಹೋಗುವವಳಿಗೊಂದು.
ಎರಡರ ಕೀಲಿಯೂ ಒಂದೇ ಗೊಂಚಲಿನಲ್ಲಿ.

ಅರ್ಜಿ ಫಾರಮು ತಂದು ಕೂತೆ.
ಒಂದು ಗಂಟೆ, ಕುರ್ಲಾ ಮಾರ್ಕೆಟ್ಟು, ಜೊತೆಗೆ ನಾನು.
'ಕಾರಣ' ಎಂಬ ಚೌಕದಲ್ಲಿ ಏನು ಬರೆಯಲಿ
ಎಂದು ಅವಳನ್ನೇ ಕೇಳಿದೆ.
ಬಹಳ ಹೊತ್ತು ಯೋಚಿಸಿದಳು. ಎರಡು ಸಲ ಬದಲಿಸಿದಳು.
ಕೊನೆಗೆ ಹೇಳಿದಳು.

ಹೇಳಿದ್ದನ್ನಷ್ಟೇ ಬರೆದೆ.